ಕಪ್ಪು ಕಾಗದದ ಹಿಂದೆ ಚೌಕಾಬಾರ

ನಮ್ಮ ಸಂಘದ ದೀಪಾವಳಿ ಸಂಚಿಕೆ ಮುದ್ರಣಕ್ಕೆ ಹೋಗಬೇಕಾಗಿದ್ದದ್ದು ನಿನ್ನೆ. ನಾನು ಇದನ್ನು ಬರೆಯಲು ಕುಳಿತಿರುವುದು ಇಂದು, ರಾತ್ರಿ ಹನ್ನೊಂದೂವರೆಗೆ. ತಪ್ಪು ಮೊಮ್ಮಗನದು. ಇಲ್ಲಿ ಬ್ರಿಟನ್ನಿನ ಶಾಲೆಯಲ್ಲಿ ಎರಡನೆಯ ಮಹಾಯುದ್ಧದ ಪಾಠವಂತೆ. 1939ರಲ್ಲಿ ಬಾಂಬಿನ ಭಯಕ್ಕೆ ಲಂಡನ್ನಿನಿಂದ ಹಳ್ಳಿಗೆ ಕಳಿಸಿದ ಹುಡುಗನ ವೇಷ ಹಾಕಿ, ಕೊರಳಿಗೆ ಹೆಸರಿನ ಚೀಟಿ ತೂಗಿಸಿಕೊಂಡು ಹೋಗಿದ್ದ. ಬಂದವನೇ ಕೇಳಿದ: "ಅಜ್ಜೀ, ನಿನ್ನ ಯುದ್ಧದಲ್ಲಿ ನೀನು ಏನು ಆಟ ಆಡುತ್ತಿದ್ದೆ?"

ನನ್ನ ಯುದ್ಧ! 1971ರ ಡಿಸೆಂಬರ್, ಪಾಕಿಸ್ತಾನದ ಜೊತೆಗಿನದು, ನನಗೆ ಏಳು ವರ್ಷ. ಬೆಂಗಳೂರು ವಿಮಾನ ಕಾರ್ಖಾನೆಯ ಊರು, ಬಾಂಬು ಬಿದ್ದರೆ ಇಲ್ಲಿಗೇ ಎಂದು ದೊಡ್ಡವರಿಗೆ ಭಯ. ಕಿಟಕಿಗೆ ಕಪ್ಪು ಕಾಗದ, ಅಪ್ಪನ ಸ್ಕೂಟರಿನ ದೀಪಕ್ಕೆ ಅರ್ಧ ಕಪ್ಪು ಬಣ್ಣ. ಸಂಜೆಯ ಬೀದಿಯಾಟ ನಿಂತಿತು. ಅಜ್ಜಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ, ಅಂದರೆ ಕವಡೆ ಎಸೆದು ಕಾಯಿ ನಡೆಸುವ ಆಟದ, ಮನೆಗಳನ್ನು ಬರೆದರು. ಬಲ್ಬಿಗೆ ರಟ್ಟಿನ ಟೋಪಿ ಹಾಕಿದ್ದರಿಂದ ಬೆಳಕು ಆಟದ ನಡುವಿನ ಮನೆಗೆ ಮಾತ್ರ ಬೀಳುತ್ತಿತ್ತು. ಅಂಚಿನ ಕತ್ತಲಲ್ಲಿ ಚಿಕ್ಕಮ್ಮನ ಕಾಯಿ ತಾನಾಗಿ ಮುಂದೆ ಸರಿಯುತ್ತಿತ್ತು. ಆಕಾಶವಾಣಿಯ ವಾರ್ತೆ ಬಂದೊಡನೆ ಅಪ್ಪ ಕೈ ಎತ್ತುತ್ತಿದ್ದರು. ವಾರ್ತೆ ಮುಗಿಯುವವರೆಗೂ ಅಜ್ಜಿ ಕವಡೆಗಳನ್ನು ಮುಷ್ಟಿಯಲ್ಲೇ ಹಿಡಿದು ಕೂರುತ್ತಿದ್ದರು.

ಒಂದು ರಾತ್ರಿ ಬಾಗಿಲು ಬಡಿಯಿತು. "ಬೆಳಕು ಕಾಣಿಸುತ್ತಿದೆ!" ಬೀದಿ ಕಾಯುತ್ತಿದ್ದ ಪಕ್ಕದ ಮನೆಯ ಮಾಮ. ಕಿಟಕಿ ನೋಡಲು ಒಳಗೆ ಬಂದವರು, ಅಜ್ಜಿಗೆ ಬಾರ (ಎಂಟು) ಬಿದ್ದದ್ದನ್ನು ಕಂಡು ಕುಳಿತೇಬಿಟ್ಟರು. ಎರಡು ಆಟ ಮುಗಿಯುವವರೆಗೆ ನಮ್ಮ ಬೀದಿಗೆ ಕಾವಲಿರಲಿಲ್ಲ.

16ರಂದು ಯುದ್ಧ ಮುಗಿಯಿತು. ಕಾಗದ ಕಿತ್ತು ಎಲ್ಲರೂ ಬೀದಿಗೆ ಓಡಿದಾಗ ನಾನು ಅತ್ತೆನಂತೆ. ನನ್ನ ಕೊನೆಯ ಕಾಯಿ ನಡುವಿನ ಮನೆ ಸೇರಿ ಹಣ್ಣಾಗಲು ಎರಡೇ ಮನೆ ಬಾಕಿಯಿತ್ತು. ಎದುರುಮನೆಯ ಅಣ್ಣ ಇನ್ನೂ ಗಡಿಯಲ್ಲಿದ್ದ. ಅಮ್ಮ ನನ್ನ ಬೆನ್ನಿಗೊಂದು ಕೊಟ್ಟರು.

ಯುದ್ಧ ಬಂತೆಂದು ಈ ದೇಶದವರು 1940ರಿಂದ 1945ರವರೆಗೆ ಕ್ರಿಕೆಟ್‌ನ ಕೌಂಟಿ ಚಾಂಪಿಯನ್‌ಷಿಪ್ ನಿಲ್ಲಿಸಿದರು. ನಮ್ಮ ರಣಜಿ ಮಾತ್ರ ನಿಲ್ಲಲಿಲ್ಲ. 1941-42ರಲ್ಲಿ ಮೈಸೂರು ಫೈನಲ್‌ಗೂ ಹೋಯಿತು (ಬೊಂಬಾಯಿಗೆ ಸೋತದ್ದನ್ನು ಮೊಮ್ಮಗನಿಗೆ ಹೇಳಿಲ್ಲ). 2025ರ ಭಾರತ-ಪಾಕಿಸ್ತಾನ ಸಂಘರ್ಷ ನಿಮಗೆ ಗೊತ್ತೇ ಇದೆ. ಮೇ 7ರಂದು ಬೆಂಗಳೂರಿನಿಂದ ತಂಗಿ ಫೋನ್ ಮಾಡಿದಳು: "ಅಕ್ಕಾ, ಅಣಕು ಸೈರನ್ ಕೂಗುತ್ತಿದೆ, ಜನ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದಾರೆ." ಮರುದಿನ ಧರ್ಮಶಾಲೆಯ ಮೈದಾನದಲ್ಲಿ ದೀಪ ಆರಿ ಪಂದ್ಯ ನಿಂತಿತು, ಐಪಿಎಲ್ ಮತ್ತೆ ಶುರುವಾದದ್ದು 17ರಂದು ಬೆಂಗಳೂರಿನಲ್ಲಿ, ಅದನ್ನೂ ಮಳೆ ನುಂಗಿತು. ಆ ವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗಡಿಯ ಸುದ್ದಿ ಒಂದಾದರೆ ಆರ್‌ಸಿಬಿಯ ಅಂಕಪಟ್ಟಿ ಮೂರು. ಬಯ್ಯಲು ಹೋಗಿ ಸುಮ್ಮನಾದೆ. ಅವುಗಳಲ್ಲಿ ಒಂದನ್ನು ಕಳಿಸಿದ್ದು ನಾನೇ.

ಜಾಗ ಮುಗಿಯಿತು, ಪ್ರಕಟಣೆಗಳು ಬಾಕಿ. ದೀಪಾವಳಿ ಕೂಟ ಮುಂದಿನ ಶನಿವಾರ ಸಂಜೆ ನಾಲ್ಕಕ್ಕೆ, ಎಂದಿನ ಸಭಾಂಗಣದಲ್ಲಿ. ಮಕ್ಕಳ ನೃತ್ಯಾಭ್ಯಾಸ ಗುರುವಾರಕ್ಕೆ ಬದಲಾಗಿದೆ. ಸದಸ್ಯತ್ವದ ಹಣ ಕೊಡದವರು (ನಿಮಗೇ ಗೊತ್ತು) ಬಾಗಿಲಲ್ಲಿ ಕೊಡಬಹುದು. ಊಟಕ್ಕೆ ರವೆ ಇಡ್ಲಿ. ಬರ್ಮಾದ ಅಕ್ಕಿ ನಿಂತ ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಂಟಿಆರ್‌ನವರು ಕಂಡುಹಿಡಿದದ್ದು ಎನ್ನುತ್ತಾರೆ. ಇನ್ನೂರು ಇಡ್ಲಿಗೆ ಈಗ ಇರುವ ಕೈಗಳು ನಾಲ್ಕು, ಅದರಲ್ಲಿ ಎರಡು ನನ್ನವು. ಯುಗಾದಿ ಸಂಚಿಕೆಯನ್ನು ಬೇರೆ ಯಾರಾದರೂ ವಹಿಸಿಕೊಳ್ಳುವಿರಾ? ಕಣ್ಣು ಸೋಲುತ್ತಿದೆ.

ಮಕ್ಕಳ ಮೂಲೆಯಲ್ಲಿ ಈ ಸಲ ಚೌಕಾಬಾರ ಇರುತ್ತದೆ. ಯಾರ ಬಳಿಯಾದರೂ ಕವಡೆ ಇದ್ದರೆ ತನ್ನಿ. ಸಿಗದಿದ್ದರೆ ಹುಣಸೆ ಬೀಜ ತೇಯ್ದುಕೊಂಡು ಬರುತ್ತೇನೆ.