ಮನಸ್ಸಿನ ಶಕ್ತಿ: ಜಾಹೀರಾತಿನದ್ದೇ ಬೇರೆ, ಯೋಗಸೂತ್ರದ್ದೇ ಬೇರೆ

ಮಾನ್ಯ ಸಂಪಾದಕರೇ,

ಯೋಗ ದಿನವಾದ ಜೂನ್ 21 ಹತ್ತಿರವಾದಂತೆ ಪತ್ರಿಕೆಗಳ ಪುರವಣಿಗಳಲ್ಲಿ ಆಸನದ ಚಿತ್ರಗಳು ತುಂಬಿಕೊಳ್ಳುತ್ತವೆ. ಅದೇ ಪುಟದ ಮೂಲೆಯಲ್ಲಿ ‘21 ದಿನಗಳಲ್ಲಿ ಮನೋಶಕ್ತಿ ಜಾಗೃತಗೊಳಿಸಿ, ಬಯಸಿದ್ದನ್ನು ಪಡೆಯಿರಿ’ ಎನ್ನುವ ಧಾಟಿಯ ಶಿಬಿರಗಳ ಜಾಹೀರಾತೂ ಇರುತ್ತದೆ. ಆಸನದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಪತಂಜಲಿಯ ಯೋಗಸೂತ್ರ ಗ್ರಂಥದ 195 ಸೂತ್ರಗಳಲ್ಲಿ (ಕೆಲವು ಪಾಠಗಳಲ್ಲಿ 196) ಆಸನಕ್ಕೆ ಮೀಸಲಾಗಿರುವುದು ಮೂರೇ ಮೂರು. ಗ್ರಂಥದ ಬಹುಪಾಲು ಚಿತ್ತದ, ಅಂದರೆ ಮನಸ್ಸಿನ, ವಿಚಾರ. ಜಾಹೀರಾತಿನ ಕೈಗೆ ಸಿಕ್ಕು ತಲೆಕೆಳಗಾಗಿರುವುದೂ ಅದೇ.

ಸಾಂಖ್ಯ-ಯೋಗ ದರ್ಶನಗಳಲ್ಲಿ ಚಿತ್ತ ಚೇತನವಲ್ಲ, ಮೂಲದ್ರವ್ಯವಾದ ಪ್ರಕೃತಿಯಿಂದ ಹುಟ್ಟಿದ ಜಡವಸ್ತು. ಸತ್ವ, ರಜಸ್ಸು, ತಮಸ್ಸು ಎಂಬ ಗುಣಗಳ ಹೆಚ್ಚುಕಡಿಮೆಯಿಂದ ಅದರ ಬಣ್ಣ ಬದಲಾಗುತ್ತದೆ. ಅರಿವಿನ ಬೆಳಕು ಮಾತ್ರ ಪುರುಷನದು, ಅಂದರೆ ಒಳಗಿನ ಸಾಕ್ಷಿಯದು. ಇದು ಪಂಡಿತರ ಚರ್ಚೆಗಷ್ಟೇ ಬಿಟ್ಟ ಮಾತಲ್ಲ. ‘ಸಿಟ್ಟು ಬರುತ್ತಿದೆ’ ಎಂದು ಕಾಣುವವನು ಸಿಟ್ಟಿನಿಂದ ಬೇರೆಯಾಗಿ ನಿಂತಿದ್ದರಷ್ಟೇ ಅಭ್ಯಾಸಕ್ಕೆ ಕಾಲೂರಲು ಜಾಗ. ಮನಸ್ಸು ಜಡವಾದ್ದರಿಂದಲೇ ಊಟ, ನಿದ್ದೆ, ಉಸಿರುಗಳಿಂದ ಅದನ್ನು ಹದಗೊಳಿಸಲು ಬರುತ್ತದೆ. ಅತಿಯಾಗಿ ಉಣ್ಣುವವನಿಗೂ ಉಪವಾಸ ಬೀಳುವವನಿಗೂ, ಅತಿಯಾಗಿ ಮಲಗುವವನಿಗೂ ನಿದ್ದೆಗೆಡುವವನಿಗೂ ಯೋಗವಿಲ್ಲ ಎಂದು ಗೀತೆಯ ಆರನೆಯ ಅಧ್ಯಾಯ ಹೇಳುವುದು ಇದೇ ಕಾರಣಕ್ಕೆ.

‘ಮನಸ್ಸನ್ನು ಖಾಲಿ ಮಾಡಿ’ ಎನ್ನುವುದು ಇನ್ನೊಂದು ಜನಪ್ರಿಯ ಸೂಚನೆ. ಚಿತ್ತದ ವೃತ್ತಿಗಳು, ಅಂದರೆ ಅದರ ಚಲನೆಗಳು, ಐದು: ಪ್ರಮಾಣ (ಸರಿಯಾದ ತಿಳಿವಳಿಕೆ), ವಿಪರ್ಯಯ (ತಪ್ಪು ತಿಳಿವಳಿಕೆ), ವಿಕಲ್ಪ (ಬರಿಯ ಮಾತಿನ ಕಲ್ಪನೆ), ನಿದ್ರೆ, ಸ್ಮೃತಿ (ನೆನಪು). ಸರಿಯಾದ ತಿಳಿವಳಿಕೆಯೂ ವೃತ್ತಿಯೇ, ನಿದ್ದೆಯೂ ವೃತ್ತಿಯೇ. ಹಾಗಾಗಿ ಕಣ್ಣು ಮುಚ್ಚಿದ ಹತ್ತು ನಿಮಿಷಕ್ಕೆ ಕತ್ತು ವಾಲಿ, ‘ಎಲ್ಲ ಶೂನ್ಯವಾಯಿತು, ತುಂಬ ಹಾಯೆನಿಸಿತು’ ಎಂದರೆ ಅಲ್ಲಿ ನಡೆದದ್ದು ತೂಕಡಿಕೆ. ಹೊಸಬರಿಗೆ ಹೆಚ್ಚು ಕಾಟ ಕೊಡುವುದು ಸ್ಮೃತಿ ಮತ್ತು ವಿಕಲ್ಪ. ನಿನ್ನೆ ಆಡಿದ ಮಾತು, ನಾಳೆ ಆಡಬೇಕಾದ ಜಗಳ. ಇವನ್ನು ಬಲವಂತವಾಗಿ ಅದುಮಿದರೆ ಅದುಮುವ ಹಟವೇ ಮತ್ತೊಂದು ವೃತ್ತಿಯಾಗಿ ಕೂರುತ್ತದೆ.

ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಚಿತ್ತಕ್ಕೆ ಐದು ಭೂಮಿಗಳನ್ನು (ಸ್ಥಿತಿಗಳನ್ನು) ಹೇಳುತ್ತದೆ: ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ (ಪೂರ್ತಿ ನಿಂತದ್ದು). ಹೆಚ್ಚಿನ ಶಿಬಿರಗಳು ಎಡವುವುದು ಇಲ್ಲೇ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ನಲವತ್ತು ನಿಮಿಷ ಕಣ್ಣು ಮುಚ್ಚಿಸುತ್ತಾರೆ. ತಮಸ್ಸು ಕವಿದ ಮೂಢಚಿತ್ತದವನು ನಿದ್ದೆಗೆ ಜಾರುತ್ತಾನೆ. ರಜಸ್ಸು ಕೆರಳಿದ ಕ್ಷಿಪ್ತಚಿತ್ತದವನು ಮೊದಲಿಗಿಂತ ಹೆಚ್ಚು ಚಡಪಡಿಸಿ ಎದ್ದುಹೋಗುತ್ತಾನೆ. ಮೊದಲನೆಯವನಿಗೆ ನಡಿಗೆ, ಆಸನ, ಕಣ್ಣು ತೆರೆದೇ ಮಾಡುವ ಅಭ್ಯಾಸ ಬೇಕು. ಎರಡನೆಯವನಿಗೆ ದೀರ್ಘ ರೇಚಕ (ಉಸಿರು ಹೊರಬಿಡುವುದು), ಗಟ್ಟಿಯಾಗಿ ಹೇಳುವ ಜಪ ಒಗ್ಗುತ್ತದೆ. ಆಗೊಮ್ಮೆ ಈಗೊಮ್ಮೆಯಾದರೂ ನಿಲ್ಲಬಲ್ಲ ವಿಕ್ಷಿಪ್ತಚಿತ್ತಕ್ಕೆ ಬಂದ ಮೇಲೆ ಧಾರಣೆಯ, ಅಂದರೆ ಮನಸ್ಸನ್ನು ಒಂದೆಡೆ ನಿಲ್ಲಿಸುವ, ಮಾತು.

ಇನ್ನು ಕೂರುವ ಕ್ರಮ. ಕೂರುವ ಪೀಠ ಅತಿ ಎತ್ತರವೂ ಅತಿ ತಗ್ಗೂ ಆಗಬಾರದು. ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಬೆನ್ನಿನ ಕೆಳಭಾಗ ಕುಸಿದು ಉಸಿರು ಮೊಟಕಾಗುತ್ತದೆ. ಮಡಚಿದ ಕಂಬಳಿಯನ್ನು ಮೂರು-ನಾಲ್ಕು ಅಂಗುಲ ಎತ್ತರಕ್ಕೆ ಪೃಷ್ಠದ ಕೆಳಗಿಟ್ಟರೆ ಮಂಡಿ ತಾನಾಗಿ ಇಳಿಯುತ್ತದೆ. ಆಗದವರು ಕುರ್ಚಿಯ ಮೇಲೆ ಕೂರಲಿ, ಶಾಸ್ತ್ರಕ್ಕೇನೂ ಭಂಗವಿಲ್ಲ. ಆಮೇಲೆ ಉಸಿರು: ನಾಲ್ಕು ಎಣಿಕೆ ಒಳಗೆ, ಆರರಿಂದ ಎಂಟು ಎಣಿಕೆ ಹೊರಗೆ, ಐದು ನಿಮಿಷ. ಮೊದಮೊದಲು ಕುಂಭಕ (ಉಸಿರು ಕಟ್ಟುವುದು) ಬೇಡವೇ ಬೇಡ. ಪೂರಕ (ಉಸಿರು ಒಳಗೆಳೆಯುವುದು), ಕುಂಭಕ, ರೇಚಕಗಳ 1:4:2 ಪ್ರಮಾಣವನ್ನು ಮೊದಲ ದಿನವೇ ಹೇಳಿಕೊಡುವವರಿದ್ದಾರೆ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಷ್ಟು ನಿಧಾನವಾಗಿ ವಾಯುವನ್ನು ಪಳಗಿಸಬೇಕು, ತಪ್ಪಿದರೆ ಬಿಕ್ಕಳಿಕೆ, ಕೆಮ್ಮು, ಉಬ್ಬಸ, ತಲೆ-ಕಿವಿ-ಕಣ್ಣುಗಳ ನೋವು ಬರುತ್ತದೆ ಎಂದು ಹಠಯೋಗ ಪ್ರದೀಪಿಕೆ ಎಚ್ಚರಿಸಿದೆ. ರಕ್ತದೊತ್ತಡ, ಹೃದ್ರೋಗ ಇರುವವರು ಮತ್ತು ಗರ್ಭಿಣಿಯರು ಉಸಿರು ಕಟ್ಟಲೇಬಾರದು.

ಧಾರಣೆಗೆ ಭಾಷ್ಯ ಸೂಚಿಸುವ ಸ್ಥಾನಗಳಲ್ಲಿ ನಾಭಿ, ಹೃದಯ, ಮೂಗಿನ ತುದಿ, ನಾಲಗೆಯ ತುದಿ ಸೇರಿವೆ. ಒಂದನ್ನು ಹಿಡಿದು ತಿಂಗಳುಗಟ್ಟಲೆ ಅದರಲ್ಲೇ ಇರಬೇಕು. ವಾರಕ್ಕೊಂದು ಮಂತ್ರ, ವಾರಕ್ಕೊಂದು ಆ್ಯಪ್ ಬದಲಿಸುವವರಿಗೆ ಯಾವ ನೆಲೆಯೂ ದಕ್ಕುವುದಿಲ್ಲ. ಸೂತ್ರದ ಒಂಬತ್ತು ಅಂತರಾಯಗಳಲ್ಲಿ (ಅಡ್ಡಿಗಳಲ್ಲಿ) ‘ಅಲಬ್ಧಭೂಮಿಕತ್ವ’ವನ್ನೂ, ಅಂದರೆ ನೆಲೆ ದಕ್ಕದಿರುವುದನ್ನೂ, ಎಣಿಸಿದ್ದಾರೆ. ಎಷ್ಟು ಹೊತ್ತು? ಕೂರ್ಮಪುರಾಣದ ಲೆಕ್ಕವನ್ನು ವಿವೇಕಾನಂದರು ಸೆಕೆಂಡುಗಳಲ್ಲಿ ಹೇಳಿದ್ದಾರೆ: ಮನಸ್ಸು ಒಂದೆಡೆ 12 ಸೆಕೆಂಡು ನಿಂತರೆ ಒಂದು ಧಾರಣೆ, ಅಂಥ 12 ಸೇರಿದರೆ ಧ್ಯಾನ, 12 ಧ್ಯಾನ ಸೇರಿದರೆ ಸಮಾಧಿ. ಅಂದರೆ ಧ್ಯಾನಕ್ಕೆ 2 ನಿಮಿಷ 24 ಸೆಕೆಂಡು, ಸಮಾಧಿಗೆ 28 ನಿಮಿಷ 48 ಸೆಕೆಂಡು. ‘ದಿನಾ ಒಂದು ಗಂಟೆ ಧ್ಯಾನ ಮಾಡುತ್ತೇನೆ’ ಎನ್ನುವವರು ಮೊದಲ ಹನ್ನೆರಡು ಸೆಕೆಂಡನ್ನು ಪ್ರಾಮಾಣಿಕವಾಗಿ ಅಳೆದು ನೋಡಲಿ. ಮನಸ್ಸು ಜಾರಿದಾಗಲೆಲ್ಲ ಬೇಸರಿಸದೆ ಹಿಂದಕ್ಕೆ ತರುವುದೇ ಅಭ್ಯಾಸ. ಜಾರಿದ್ದಕ್ಕೆ ತನ್ನನ್ನೇ ಬೈದುಕೊಂಡರೆ ಮತ್ತೆರಡು ನಿಮಿಷ ಹಾಳು.

ಕೂತಾಗ ಏನು ಕೆಡುತ್ತದೆ ಎಂಬುದಕ್ಕೆ ಅದ್ವೈತಾಚಾರ್ಯ ಗೌಡಪಾದರ ಮಾಂಡೂಕ್ಯ ಕಾರಿಕೆಯಷ್ಟು ಚೊಕ್ಕ ಸೂಚನೆ ಅಪರೂಪ. ಚಿತ್ತ ಲಯಕ್ಕೆ (ಜೋಂಪಿಗೆ) ಜಾರಿದರೆ ಎಬ್ಬಿಸು, ಚದುರಿದರೆ ಶಾಂತಗೊಳಿಸು, ಒಳಗೆ ಹಳೆಯ ರಾಗದ (ಆಸೆಯ) ಕಲೆಯಿದ್ದರೆ ಗುರುತಿಸು, ಸಮವಾಗಿ ನಿಂತಿದ್ದರೆ ಅಲುಗಿಸಬೇಡ. ಕೊನೆಯದನ್ನು ಪಾಲಿಸುವವರು ಕಡಿಮೆ. ನಿಂತ ಕ್ಷಣವೇ ‘ನಿಂತಿತೇ?’ ಎಂದು ನೋಡಲು ಹೋಗಿ ಕೆಡಿಸಿಕೊಳ್ಳುತ್ತಾರೆ. ಮೂರನೆಯದಕ್ಕೆ ಹಗಲಿನ ಕೆಲಸವೂ ಬೇಕು: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ (ಸಂತೋಷ), ಪಾಪಿಗಳಲ್ಲಿ ಉಪೇಕ್ಷೆ. ಪಕ್ಕದ ಮನೆಯವರ ಹೊಸ ಕಾರು ಕಂಡು ಹೊಟ್ಟೆಯುರಿದ ದಿನ ಸಂಜೆಯ ಧ್ಯಾನ ಕೂಡಿಬರುವುದಿಲ್ಲ.

ಹಾಗಾದರೆ ಮನಸ್ಸಿನ ಶಕ್ತಿ? ಯೋಗಸೂತ್ರದ ಮೂರನೆಯ ಭಾಗವಾದ ವಿಭೂತಿಪಾದದಲ್ಲಿ ಸಿದ್ಧಿಗಳ (ಅಸಾಮಾನ್ಯ ಶಕ್ತಿಗಳ) ಉದ್ದ ಪಟ್ಟಿಯೇ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹೊರಮುಖ ಚಿತ್ತಕ್ಕೆ ಸಿದ್ಧಿಗಳಾಗಿ ತೋರುವ ಇವು ಸಮಾಧಿಗೆ ಅಡ್ಡಿ ಎಂದು ಅದೇ ಪಾದ ಹೇಳುತ್ತದೆ. ಬಯಸಿದ್ದನ್ನು ತಂದುಕೊಡುವ ಶಕ್ತಿಯ ಹಿಂದೆ ಹೋಗುವವನಿಗೆ ಬಯಕೆ ಬೆಳೆಯುತ್ತದೆ, ವೈರಾಗ್ಯ ಬೆಳೆಯುವುದಿಲ್ಲ. ಅಭ್ಯಾಸದ ಜೊತೆ ವೈರಾಗ್ಯವನ್ನೂ ಕೇಳುವ ಶಾಸ್ತ್ರದ ಹೆಸರಿನಲ್ಲಿ ಬಯಕೆ ಮಾರುವುದು ವಿಚಿತ್ರವೇ ಸರಿ. ಅವಧಿಯ ಮಟ್ಟಿಗೂ ಸೂತ್ರ ಕೇಳುವುದು ದೀರ್ಘಕಾಲ, ಬಿಡುವಿಲ್ಲದೆ, ಆದರದಿಂದ. ಭಾನುವಾರದ ಎರಡು ಗಂಟೆಗಿಂತ ದಿನದ ಹದಿನೈದು ನಿಮಿಷ ಮೇಲು.

ಒಂದು ಎಚ್ಚರಿಕೆ. ಅಂತರಾಯಗಳ ಪಟ್ಟಿ ಶುರುವಾಗುವುದೇ ‘ವ್ಯಾಧಿ’ಯಿಂದ. ತೀವ್ರ ಖಿನ್ನತೆ, ಭ್ರಮೆಗಳಂಥ ತೊಂದರೆ ಇರುವವರನ್ನು ದಿನಗಟ್ಟಲೆ ಮೌನದಲ್ಲಿ ಕೂರಿಸಿದರೆ ಕಾಯಿಲೆ ಉಲ್ಬಣಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಯೋಗವನ್ನು ಚಿಕಿತ್ಸೆಗೆ ಪೂರಕವಾಗಿ ಬಳಸುತ್ತಾರೆ. ‘ಮಾತ್ರೆ ಬಿಡಿ, ಧ್ಯಾನ ಸಾಕು’ ಎನ್ನುವ ಶಿಬಿರದಿಂದ ಎದ್ದು ಬರುವುದೇ ಕ್ಷೇಮ.

ಮುಂದಿನ ಯೋಗ ದಿನದ ಪುರವಣಿಯಲ್ಲಿ ಆಸನದ ಚಿತ್ರಗಳ ಪಕ್ಕ ಚಿತ್ತದ ಐದು ಭೂಮಿ, ಒಂಬತ್ತು ಅಂತರಾಯ ಮತ್ತು ಕುಂಭಕ ಯಾರಿಗೆ ಬೇಡ ಎಂಬ ವಿವರಕ್ಕೆ ಅರ್ಧ ಪುಟ ಕೊಡಿ. ಬಯಸಿದ್ದನ್ನು ಕೊಡಿಸುವ ಭರವಸೆಯ ಜಾಹೀರಾತುಗಳನ್ನಾದರೂ ಆ ಪುರವಣಿಯಿಂದ ಹೊರಗಿಡಲು ಸಾಧ್ಯವೇ, ಯೋಚಿಸಿ.

ಇತಿ,
ಯೋಗಸೂತ್ರದ ಪಾಠ ಹೇಳುವ ಕೆಲವರು
ಮೈಸೂರು