ಅಪ್ಪನ ಕಂಪ್ಯೂಟರಿಗೆ ಟಾರ್ ಬ್ರೌಸರ್

ಹ್ಯಾಂಬರ್ಗ್
ಡಿಸೆಂಬರ್ ಮೊದಲ ವಾರ

ಪ್ರೀತಿಯ ಅಪ್ಪ, ಅಮ್ಮ,

ನಾನು ಆರಾಮಾಗಿದ್ದೇನೆ. ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಅಲ್ಲಿ ಅರೇಬಿಕಾ ಕುಯ್ಲು ಜೋರಾಗಿರಬೇಕು. ಆಳುಗಳು ಸಿಕ್ಕಿದರಾ? ಮೋಡ ಕವಿದರೆ ಕಣದಲ್ಲಿ ಹರಡಿದ್ದನ್ನು ರಾಶಿ ಮಾಡೋಕೆ ಅಪ್ಪ ಒಬ್ಬರೇ ಓಡಬೇಡಿ.

ಅಪ್ಪ, ನೀವು ಕಳಿಸಿದ ಆಡಿಯೋ ಕೇಳಿದೆ. ಅಮ್ಮನ ಮಂಡಿ ನೋವಿನ ಬಗ್ಗೆ ಒಂದು ಸಲ ಹುಡುಕಿದ್ದಕ್ಕೆ ಈಗ ಪೇಪರ್ ಓದಲು ಹೋದರೂ ಮಂಡಿ ಆಪರೇಷನ್ ಜಾಹೀರಾತು, ಅಡಿಕೆ ರೇಟ್ ನೋಡಲು ಹೋದರೂ ಅದೇ. ಚಿಕ್ಕಪ್ಪನ ಮಗ ಬಂದು ಮೂರು ವರ್ಷಕ್ಕೆ ದುಡ್ಡು ಕಟ್ಟಿ ವಿಪಿಎನ್ ತಗೊಳ್ಳಿ ಅಂದನಂತೆ. ನಿಮ್ಮ ಇಂಟರ್ನೆಟ್ ಓಡಾಟವನ್ನೆಲ್ಲ ಒಂದು ಕಂಪನಿ ತನ್ನ ಕಂಪ್ಯೂಟರಿನ ಮೂಲಕ ಮುಚ್ಚಿ ಸಾಗಿಸುವ ಸೇವೆ ಅದು. ದುಡ್ಡು ಕಟ್ಟಬೇಡಿ. ನಿಮ್ಮ ಕೆಲಸಕ್ಕೆ ಬೇಕಾಗಿರೋದು ಪುಕ್ಕಟೆ ಸಿಗುತ್ತದೆ. ಫೋನಲ್ಲಿ ಹೇಳಿದರೆ ಮಧ್ಯೆ ಲೈನ್ ಕಟ್ಟಾಗಿ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಪ್ರಿಂಟ್ ತೆಗೆದು ಕಂಪ್ಯೂಟರ್ ಪಕ್ಕ ಇಟ್ಟುಕೊಳ್ಳಿ.

ಮೊದಲು ಒಂದು ಪ್ರಶ್ನೆ. ನೀವು ನೋಡಿದ್ದು ಯಾರಿಗೆ ಗೊತ್ತಾಗಬಾರದು? ಇದನ್ನು ತೀರ್ಮಾನ ಮಾಡದೆ ಏನು ಹಾಕಿಕೊಂಡರೂ ಸುಮ್ನೆ. ಮನೆಗೆ ಬರುವ ಮಕ್ಕಳಿಗೆ ಗೊತ್ತಾಗಬಾರದು ಅಂದರೆ ಈಗಿರುವ ಬ್ರೌಸರಿನ ಇನ್‌ಕಾಗ್ನಿಟೋ ಸಾಕು. ಅದು ಕಂಪ್ಯೂಟರಿನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ಇಂಟರ್ನೆಟ್ ಕೊಡುವ ಕೇಬಲ್‌ನವರಿಗೆ ನೀವು ಯಾವ ಸೈಟಿಗೆ ಹೋದಿರಿ ಅಂತ ಆಗಲೂ ಕಾಣುತ್ತದೆ. ಸೈಟಿನವರಿಗೂ ನಿಮ್ಮ ಮನೆಯ ಐಪಿ ನಂಬರ್, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ಮನೆಯ ವಿಳಾಸ, ಹೋಗುತ್ತದೆ. ವಿಪಿಎನ್ ಹಾಕಿದರೆ ಕೇಬಲ್‌ನವರಿಗೆ ಕಾಣುವುದಿಲ್ಲ, ಆದರೆ ಅವರಿಗೆ ಕಾಣುತ್ತಿದ್ದದ್ದು ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ಒಬ್ಬರ ಮೇಲಿನ ನಂಬಿಕೆಯನ್ನು ಇನ್ನೊಬ್ಬರ ಮೇಲೆ ಹಾಕಿದ ಹಾಗಾಯಿತು. ಜೊತೆಗೆ, ವಿಪಿಎನ್ ಕಂಪನಿಗಳು ಗಿರಾಕಿಗಳ ಹೆಸರು, ವಿಳಾಸ, ಐಪಿ ಎಲ್ಲವನ್ನೂ ಐದು ವರ್ಷ ಇಟ್ಟುಕೊಳ್ಳಬೇಕು ಅಂತ ನಮ್ಮ ದೇಶದಲ್ಲಿ 2022ರಲ್ಲಿ ಆದೇಶ ಬಂತು. ಅದಕ್ಕೆ ಒಪ್ಪದ ಕೆಲವು ಹೊರದೇಶದ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದುಬಿಟ್ಟವು. ಚಿಕ್ಕಪ್ಪನ ಮಗನಿಗೆ ಇದನ್ನು ಹೇಳಿ.

ನಿಮಗೆ ಬೇಕಾಗಿರುವುದು ಟಾರ್ ಬ್ರೌಸರ್. ಅದರಲ್ಲಿ ನೀವು ಯಾರು ಅನ್ನುವುದೂ ಎಲ್ಲಿಗೆ ಹೋದಿರಿ ಅನ್ನುವುದೂ ಎರಡೂ ಒಬ್ಬರಿಗೇ ಗೊತ್ತಾಗುವುದಿಲ್ಲ. ಹೇಗೆ ಅಂದರೆ, ನೀವು ಊರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಕವರ್ ಕಳಿಸುತ್ತೀರಲ್ಲ, ಹಾಗೆ ಅಂದುಕೊಳ್ಳಿ. ಒಂದು ಕವರಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಹೊರಗಿನದರ ಮೇಲೆ ಹಾಸನ ಬಸ್‌ಸ್ಟ್ಯಾಂಡಿನವನ ಹೆಸರು ಮಾತ್ರ. ಅವನು ಅದನ್ನು ಹರಿದರೆ ಒಳಗೆ ಚನ್ನರಾಯಪಟ್ಟಣದವನ ಹೆಸರು. ಅವನು ಹರಿದರೆ ನೆಲಮಂಗಲದವನ ಹೆಸರು. ಕೊನೆಯ ಕವರ್ ಹರಿದ ಮೇಲೆ ನೆಲಮಂಗಲದವನಿಗೆ ಬೆಂಗಳೂರಿನ ನಿಜವಾದ ವಿಳಾಸ ಸಿಗುತ್ತದೆ. ಕಳಿಸಿದ್ದು ನೀವು ಅಂತ ಹಾಸನದವನಿಗೆ ಗೊತ್ತು, ಎಲ್ಲಿಗೆ ಅಂತ ಗೊತ್ತಿಲ್ಲ. ನೆಲಮಂಗಲದವನಿಗೆ ಎಲ್ಲಿಗೆ ಅಂತ ಗೊತ್ತು, ಯಾರು ಕಳಿಸಿದ್ದು ಅಂತ ಗೊತ್ತಿಲ್ಲ. ನಡುವಿನವನಿಗೆ ಎರಡೂ ಗೊತ್ತಿಲ್ಲ. ಆದರೆ ಒಳಗೆ ಇಟ್ಟದ್ದು ಬರೀ ಪೋಸ್ಟ್‌ಕಾರ್ಡ್ ಆಗಿದ್ದರೆ ನೆಲಮಂಗಲದವನು ಓದಬಹುದು, ಅಲ್ವಾ? ಅದಕ್ಕೇ ಎಚ್‌ಟಿಟಿಪಿಎಸ್ ಇರುವ, ಅಂದರೆ ಒಳಗಿನ ಕಾಗದವನ್ನೂ ಮಧ್ಯದವರು ಓದಲಾಗದ ಗುಟ್ಟಿನ ಲಿಪಿಯಲ್ಲಿ ಕಳಿಸುವ ಸೈಟುಗಳೇ ಆಗಬೇಕು. ಇಲ್ಲದಿದ್ದರೆ ಬ್ರೌಸರೇ ತಡೆದು ಎಚ್ಚರಿಕೆ ಕೊಡುತ್ತದೆ. ಆಗ ಹಿಂದೆ ಬನ್ನಿ.

ಈ ಮಧ್ಯದ ಕಂಪ್ಯೂಟರುಗಳಿಗೆ ರಿಲೇ ಅನ್ನುತ್ತಾರೆ. ಪ್ರಪಂಚದಾದ್ಯಂತ ಸಾವಿರಾರು ಇವೆ. ಹೆಚ್ಚಿನವನ್ನು ಜನರು, ಸಂಘಗಳು, ಕಾಲೇಜುಗಳು ಸಂಬಳವಿಲ್ಲದೆ ನಡೆಸುತ್ತವೆ. ನಾನಿರುವ ಈ ಜರ್ಮನಿಯಲ್ಲಿ ಬಹಳ ಜಾಸ್ತಿ ಇವೆ.

ಇದರ ಹಿಂದಿನ ಕಥೆ ಇತಿಹಾಸದ ಮೇಷ್ಟ್ರಾಗಿದ್ದ ನಿಮಗೆ ಇಷ್ಟವಾಗುತ್ತದೆ. 1990ರ ದಶಕದ ನಡುವೆ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಈ ಯೋಚನೆ ಹುಟ್ಟಿತು. ಆದರೆ ನೌಕಾಪಡೆಯವರು ಮಾತ್ರ ಬಳಸಿದರೆ, ಈ ದಾರಿಯಲ್ಲಿ ಬಂದವರೆಲ್ಲ ನೌಕಾಪಡೆಯವರೇ ಅಂತ ಗೊತ್ತಾಗಿಬಿಡುತ್ತದಲ್ಲ! ಗುಂಪಿನಲ್ಲಿ ಸೇರಿಹೋಗಬೇಕಾದರೆ ಮೊದಲು ಗುಂಪು ಇರಬೇಕು. ಹಾಗಾಗಿ ಎಲ್ಲರಿಗೂ ತೆರೆದಿಡಬೇಕಾಯಿತು. 2000ರ ದಶಕದ ಶುರುವಿನಲ್ಲಿ ಅದರ ಕೋಡ್ ಎಲ್ಲರಿಗೂ ಸಿಗುವ ಹಾಗಾಯಿತು. 2006ರಲ್ಲಿ ಟಾರ್ ಪ್ರಾಜೆಕ್ಟ್ ಅನ್ನುವ ಲಾಭವಿಲ್ಲದ ಸಂಸ್ಥೆ ಶುರುವಾಯಿತು. ಪತ್ರಕರ್ತರು ಬಳಸುತ್ತಾರೆ, ಪೊಲೀಸರೂ ಬಳಸುತ್ತಾರೆ. ಕಳ್ಳರೂ ಬಳಸುತ್ತಾರೆ, ಸುಳ್ಳು ಯಾಕೆ ಹೇಳಲಿ. ಮಂಡಿ ನೋವಿನವರು ಸೇರಿಕೊಂಡಷ್ಟೂ ಉಳಿದವರಿಗೆ ಒಳ್ಳೆಯದು.

ಈಗ ಹಾಕುವ ಕೆಲಸ. ಶುರು ಮಾಡುವ ಮುಂಚೆ ಕಂಪ್ಯೂಟರಿನ ಗಡಿಯಾರ ನೋಡಿ. ನಗಬೇಡಿ, ನಮ್ಮ ಮನೆಯಲ್ಲಿ ತೊಂದರೆ ಬರುವುದೇ ಇಲ್ಲಿ. ಕರೆಂಟ್ ಹೋಗಿ ಬಂದಾಗಲೆಲ್ಲ ಆ ಹಳೇ ಡೆಸ್ಕ್‌ಟಾಪ್ ಯಾವುದೋ ಹಿಂದಿನ ವರ್ಷ ತೋರಿಸುತ್ತದಲ್ಲ, ಅದು ಒಳಗಿನ ಸೆಲ್ ಸತ್ತಿರುವುದರಿಂದ. ಯಾವ ರಿಲೇಗಳು ಸದ್ಯ ಕೆಲಸ ಮಾಡುತ್ತಿವೆ ಅನ್ನುವ ಪಟ್ಟಿ ಟಾರ್‌ಗೆ ಗಂಟೆಗೊಂದು ಹೊಸದು ತಯಾರಾಗುತ್ತದೆ, ಒಂದೊಂದು ಪಟ್ಟಿಗೂ ಕೆಲವೇ ಗಂಟೆಗಳ ಆಯಸ್ಸು. ಗಡಿಯಾರ ತಪ್ಪಿದ್ದರೆ ಟಾರ್ ಆ ಪಟ್ಟಿಯನ್ನು ನಂಬುವುದಿಲ್ಲ, ಕನೆಕ್ಟೂ ಆಗುವುದಿಲ್ಲ. ನೀವು ಕೇಬಲ್‌ನವರಿಗೆ ಫೋನ್ ಮಾಡಿ ಬೈಯುತ್ತಾ ಕೂರುತ್ತೀರಿ. ಸಿಆರ್2032 ಅನ್ನುವ ನಾಣ್ಯದ ಆಕಾರದ ಸೆಲ್ ಅದು, ಕಂಪ್ಯೂಟರ್ ಅಂಗಡಿಯಲ್ಲೂ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಕಂಪ್ಯೂಟರ್ ರಿಪೇರಿಯವರನ್ನು ಕರೆಸಿ ಹಾಕಿಸಿ. ಟೈಮ್ ಸರಿ ಮಾಡುವಾಗ ಟೈಮ್ ಝೋನನ್ನೂ ನೋಡಿ. ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಅಂತ ಇರಬೇಕು. ಝೋನ್ ಬೇರೆ ದೇಶದ್ದಾಗಿದ್ದರೆ, ಮುಳ್ಳು ಸರಿಯಾಗಿ ಕಂಡರೂ ಕಂಪ್ಯೂಟರ್ ಲೆಕ್ಕ ಮಾತ್ರ ಗಂಟೆಗಟ್ಟಲೆ ತಪ್ಪಿರುತ್ತದೆ.

ಆಮೇಲೆ ಡೌನ್‌ಲೋಡ್. ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದದ್ದನ್ನು ಒತ್ತಬೇಡಿ. ವಿಳಾಸ ಬರೆಯುವ ಜಾಗದಲ್ಲಿ ನೀವೇ ಟೈಪ್ ಮಾಡಿ: ಟಾರ್‌ಪ್ರಾಜೆಕ್ಟ್, ಎರಡೂ ಪದ ಸೇರಿಸಿ ಇಂಗ್ಲಿಷಿನಲ್ಲಿ, ಡಾಟ್ ಆರ್ಗ್. ನಕಲಿ ಟಾರ್ ಬ್ರೌಸರುಗಳು ಇವೆ. 2022ರಲ್ಲಿ ಚೀನೀ ಭಾಷೆಯ ಒಂದು ಯೂಟ್ಯೂಬ್ ಚಾನೆಲ್ಲಿನ ಲಿಂಕಿನಿಂದ ಹಾಗೆ ನಕಲಿ ಹರಡಿದ್ದನ್ನು ಕ್ಯಾಸ್ಪರ್‌ಸ್ಕಿ ಅನ್ನುವ ಕಂಪ್ಯೂಟರ್ ಸುರಕ್ಷತೆಯ ಕಂಪನಿಯವರು ಪತ್ತೆ ಮಾಡಿದರು. ಗುಟ್ಟಾಗಿರಲಿ ಅಂತ ಹಾಕಿಕೊಂಡವರ ಗುಟ್ಟನ್ನೇ ಅದು ಒಯ್ಯುತ್ತಿತ್ತು. ಹಾಗಾಗಿ ಫೈಲ್ ಬಂದ ಮೇಲೆ ಅದರ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ಡಿಜಿಟಲ್ ಸಿಗ್ನೇಚರ್ಸ್ ಅನ್ನುವಲ್ಲಿ ನೋಡಿ. ಟಾರ್ ಪ್ರಾಜೆಕ್ಟ್ ಹೆಸರು ಇರಬೇಕು. ಇಲ್ಲದಿದ್ದರೆ ಅಳಿಸಿಹಾಕಿ, ನನಗೆ ಫೋನ್ ಮಾಡಿ. ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಇನ್ನೊಂದಿದೆ, ಜಿಪಿಜಿ ಅಂತ. ಅದನ್ನು ಚಿಕ್ಕಪ್ಪನ ಮಗನಿಗೆ ಬಿಡಿ, ಕಂಪ್ಯೂಟರ್ ಓದಿದ್ದು ಸಾರ್ಥಕವಾಗಲಿ.

ಹಾಕುವುದು ಸುಲಭ. ಡಬಲ್ ಕ್ಲಿಕ್ ಮಾಡಿ, ಭಾಷೆ ಕೇಳಿದರೆ ಇಂಗ್ಲಿಷ್ ಅನ್ನಿ, ಉಳಿದದ್ದಕ್ಕೆಲ್ಲ ಹೂಂ ಅನ್ನಿ. ಡೆಸ್ಕ್‌ಟಾಪಿನಲ್ಲಿ ಒಂದು ಫೋಲ್ಡರ್ ಬರುತ್ತದೆ. ಬೇಡ ಅನ್ನಿಸಿದ ದಿನ ಆ ಫೋಲ್ಡರ್ ಅಳಿಸಿದರೆ ಆಯಿತು. ತೆರೆದಾಗ ಕನೆಕ್ಟ್ ಅಂತ ಬಟನ್ ಇರುತ್ತದೆ. ಒತ್ತಿ, ಎದ್ದುಹೋಗಿ ಕಾಫಿ ಕುಡಿದು ಬನ್ನಿ. ಮೊದಲ ಸಲ ಸ್ವಲ್ಪ ಹೊತ್ತು ಹಿಡಿಯಬಹುದು. ಸರಿಯಾಗಿ ಆಗಿದೆಯಾ ಅಂತ ನೋಡಲು ವಿಳಾಸದ ಜಾಗದಲ್ಲಿ ಚೆಕ್ ಡಾಟ್ ಟಾರ್‌ಪ್ರಾಜೆಕ್ಟ್ ಡಾಟ್ ಆರ್ಗ್ ಅಂತ ಟೈಪ್ ಮಾಡಿ. ಕಂಗ್ರಾಜುಲೇಷನ್ಸ್ ಅಂತ ಬರುತ್ತದೆ, ಕೆಳಗೆ ಯಾವುದೋ ದೇಶದ ಐಪಿ ನಂಬರ್ ಇರುತ್ತದೆ. ಯಾವುದಾದರೂ ಸೈಟಿನಲ್ಲಿದ್ದಾಗ ವಿಳಾಸದ ಎಡಗಡೆಯ ಗುರುತು ಒತ್ತಿದರೆ ನೀವು ಯಾವ ಮೂರು ರಿಲೇ ದಾಟಿ ಬಂದಿರಿ ಅಂತ ದೇಶದ ಹೆಸರಿನ ಸಮೇತ ತೋರಿಸುತ್ತದೆ. ನಿಮಗೆ ಇದೇ ಆಟವಾಗುತ್ತದೆ, ನನಗೆ ಗೊತ್ತು.

ಅಪ್ಪ, ಈಗ ನೀವು ಮಾಡಿಯೇ ಮಾಡುವ ಕೆಲಸ: ಕಿಟಕಿಯನ್ನು ಪೂರ್ತಿ ದೊಡ್ಡದು ಮಾಡುವುದು. ಮಾಡಬೇಡಿ. ಪರದೆಯ ಅಳತೆ, ಫಾಂಟುಗಳು, ಬ್ರೌಸರಿಗೆ ಸೇರಿಸಿಕೊಂಡ ಆಡ್-ಆನ್ ಅನ್ನುವ ಪುಟ್ಟ ಪ್ರೋಗ್ರಾಮುಗಳು ಇವೆಲ್ಲ ಸೇರಿಸಿದರೆ ಹೆಸರಿಲ್ಲದೆಯೂ ಒಂದು ಕಂಪ್ಯೂಟರನ್ನು ಗುರುತು ಹಿಡಿಯಬಹುದು. ಟಾರ್ ಬಳಸುವವರೆಲ್ಲ ಹೊರಗಿನವರ ಕಣ್ಣಿಗೆ ಆದಷ್ಟು ಒಂದೇ ಥರ ಕಾಣಲಿ ಅಂತ ಬ್ರೌಸರ್ ಕಿಟಕಿಯ ಅಳತೆಯನ್ನೇ ಗೊತ್ತಾದ ಕೆಲವು ಲೆಕ್ಕಕ್ಕೆ ಕೂರಿಸುತ್ತದೆ. ದೊಡ್ಡದು ಮಾಡಿದರೆ ಸುತ್ತ ಬೂದು ಅಂಚು ಕಾಣಿಸುವುದು ಅದಕ್ಕೇ. ಅಕ್ಷರ ಚಿಕ್ಕದಾದರೆ ಕಂಟ್ರೋಲ್ ಒತ್ತಿ ಪ್ಲಸ್ ಒತ್ತಿ. ಆಡ್-ಆನ್ ಏನೂ ಹಾಕಬೇಡಿ, ಜಾಹೀರಾತು ತಡೆಯುವುದು ಕೂಡ ಬೇಡ.

ಜಾಹೀರಾತು ಪೂರ್ತಿ ನಿಲ್ಲುವುದಿಲ್ಲ ಅಂತಲೂ ಗೊತ್ತಿರಲಿ. ಬರುತ್ತವೆ, ಆದರೆ ಅವು ನಿಮ್ಮನ್ನು ನೋಡಿ ಬಂದವಲ್ಲ. ಕೊನೆಯ ರಿಲೇ ರೊಮೇನಿಯಾದಲ್ಲಿದ್ದರೆ ರೊಮೇನಿಯಾ ಭಾಷೆಯ ಜಾಹೀರಾತು ಬರಬಹುದು. ಅಮ್ಮ ಹೆದರಬೇಡ. ಸೈಟುಗಳು ನಿಧಾನವಾಗಿ ತೆರೆದುಕೊಳ್ಳುತ್ತವೆ. ಕೆಲವು, ನೀವು ಮನುಷ್ಯರೇನಾ ಅಂತ ಚಿತ್ರ ತೋರಿಸಿ ಪರೀಕ್ಷೆ ಮಾಡುತ್ತವೆ, ಕೆಲವು ಒಳಗೇ ಬಿಡುವುದಿಲ್ಲ. ಯಕ್ಷಗಾನದ ವಿಡಿಯೋ ನೋಡೋಕೆ ಇದು ಬೇಡ, ಮಾಮೂಲಿ ಬ್ರೌಸರಿನಲ್ಲೇ ನೋಡಿ. ಹುಡುಕೋಕೆ ಅದರಲ್ಲಿರುವ ಡಕ್‌ಡಕ್‌ಗೋ ಸಾಕು.

ಒಂದು ವಿಷಯವನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಟಾರ್‌ನಲ್ಲಿ ಹೋಗಿ ನಿಮ್ಮ ಜಿಮೇಲ್‌ಗೋ ಫೇಸ್‌ಬುಕ್‌ಗೋ ಲಾಗಿನ್ ಆದರೆ, ಅಲ್ಲಿಗೆ ಬಂದದ್ದು ನೀವೇ ಅಂತ ಅವರಿಗೆ ಗೊತ್ತಾಯಿತು. ಆಸ್ಪತ್ರೆಯ ಸೈಟಿನಲ್ಲಿ ಅಪಾಯಿಂಟ್‌ಮೆಂಟಿಗೆ ಅಂತ ಅಮ್ಮನ ಹೆಸರು, ಫೋನ್ ನಂಬರ್ ತುಂಬಿದರೂ ಅಷ್ಟೇ. ರಿಲೇ ಮೂರಿರಲಿ ಮೂವತ್ತಿರಲಿ, ನಾವೇ ಹೇಳಿದ್ದನ್ನು ಅವು ಮುಚ್ಚಿಡಲಾರವು. ಓದೋಕೆ, ಹುಡುಕೋಕೆ ಟಾರ್. ಹೆಸರು ಹೇಳಬೇಕಾದ ಕೆಲಸಕ್ಕೆ ಮಾಮೂಲಿ ಬ್ರೌಸರ್. ಎರಡನ್ನೂ ಬೆರೆಸಬೇಡಿ.

ಮುಚ್ಚಿದ ತಕ್ಷಣ ಹಿಸ್ಟರಿ, ಕುಕೀ (ಸೈಟುಗಳು ನಿಮ್ಮ ಗುರುತಿಗೆ ಇಟ್ಟುಹೋಗುವ ಚೀಟಿ) ಎಲ್ಲ ತಾನಾಗಿ ಹೋಗುತ್ತವೆ. ಮುಚ್ಚದೆ ಹೊಸದಾಗಿ ಶುರು ಮಾಡಬೇಕಾದರೆ ಪೊರಕೆಯ ಗುರುತು ಒತ್ತಿ. ಆದರೆ ಡೌನ್‌ಲೋಡ್ ಮಾಡಿದ ಪಿಡಿಎಫ್ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಅದನ್ನು ಬೇರೆ ಪ್ರೋಗ್ರಾಮಿನಲ್ಲಿ ತೆರೆಯುವುದಾದರೆ ಮೊದಲು ಇಂಟರ್ನೆಟ್ ವೈರ್ ತೆಗೆಯಿರಿ. ಕೆಲವು ಫೈಲುಗಳು ತೆರೆದಾಗ ಟಾರ್ ಬಿಟ್ಟು ನೇರವಾಗಿ ಹೊರಗೆ ಸಂಪರ್ಕ ಮಾಡಬಲ್ಲವು.

ಪಕ್ಕದ ಮನೆಯ ಅಂಕಲ್ ಇದು ಡಾರ್ಕ್ ವೆಬ್, ಪೊಲೀಸರು ಬರುತ್ತಾರೆ ಅಂದರಂತೆ. ಟಾರ್ ಬಳಸುವುದು ತಪ್ಪು ಅನ್ನುವ ಕಾನೂನು ನಮ್ಮಲ್ಲಿಲ್ಲ. ಅದರಲ್ಲಿ ಮಾಡುವ ಅಪರಾಧ ಹೇಗೆ ಮಾಡಿದರೂ ಅಪರಾಧವೇ. ಟಾರ್ ಮೂಲಕ ಮಾತ್ರ ತೆರೆಯುವ ವಿಳಾಸಗಳು ಇರುವುದು ನಿಜ. ಅವುಗಳಲ್ಲಿ ಬಿಬಿಸಿಯದ್ದೂ ಒಂದು, 2019ರಿಂದ ಇದೆ. ನೀವು ಟಾರ್ ಬಳಸುತ್ತಿದ್ದೀರಿ ಅನ್ನುವುದು ಕೇಬಲ್‌ನವರಿಗೆ ಕಾಣಬಹುದು, ಏನು ನೋಡಿದಿರಿ ಅನ್ನುವುದು ಕಾಣದು. ಅಂಕಲ್ ಇನ್ನೂ ವಾದ ಮಾಡಿದರೆ 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದನ್ನು ನೆನಪಿಸಿ. ಆ ಕೇಸ್ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ನಿಮಗಿನ್ನೂ ಎಪ್ಪತ್ತೂ ಆಗಿಲ್ಲ, ಬ್ರೌಸರ್ ಹಾಕೋಕೆ ವಯಸ್ಸಾಯಿತು ಅನ್ನಬೇಡಿ.

ನೀವೂ ಒಂದು ರಿಲೇ ನಡೆಸೋಣ ಅಂತ ಹೊರಡುತ್ತೀರೇನೋ ಅನ್ನುವ ಅನುಮಾನ ನನಗಿದೆ. ಕೊನೆಯ ರಿಲೇಯನ್ನಂತೂ ಮನೆಯಿಂದ ನಡೆಸಲೇಬಾರದು. ಅದರ ಮೂಲಕ ಯಾರೋ ಮಾಡಿದ ತರಲೆಗೆ ನಿಮ್ಮ ಐಪಿ ನಂಬರ್ ಕಾಣಿಸುತ್ತದೆ, ಆಗ ಅಂಕಲ್ ಮಾತು ನಿಜವಾಗಿಬಿಡುತ್ತದೆ. ಸಹಾಯ ಮಾಡಲೇಬೇಕು ಅನ್ನಿಸಿದರೆ ಮಾಮೂಲಿ ಫೈರ್‌ಫಾಕ್ಸಿಗೆ ಸ್ನೋಫ್ಲೇಕ್ ಅನ್ನುವ ಆಡ್-ಆನ್ ಹಾಕಿ. ಟಾರ್‌ಗೇ ತಡೆ ಇರುವ ಇರಾನ್‌ನಂಥ ದೇಶದವರು ಅದರ ಮೂಲಕ ಒಳಗೆ ಬರುತ್ತಾರೆ. ಅವರು ನೋಡುವ ಸೈಟಿಗೆ ನಿಮ್ಮ ನಂಬರ್ ಹೋಗುವುದಿಲ್ಲ.

ಅಮ್ಮ, ಆಪರೇಷನ್ ಬೇಕೋ ಬೇಡವೋ ಅಂತ ಇಂಟರ್ನೆಟ್ ನೋಡಿ ತೀರ್ಮಾನ ಮಾಡಬೇಡ. ಹಾಸನದಲ್ಲಿ ಇನ್ನೊಬ್ಬ ಡಾಕ್ಟರಿಗೆ ಎಕ್ಸ್‌ರೇ ತೋರಿಸೋಣ ಅಂದಿದ್ದೆಯಲ್ಲ, ಅದು ಆಯಿತಾ? ಅಪ್ಪನಿಗೆ ಕುಯ್ಲಿನ ಗಡಿಬಿಡಿ ಇದ್ದರೆ ಚಿಕ್ಕಮ್ಮನ ಜೊತೆ ಹೋಗಿ ಬಾ. ಮೆಟ್ಟಿಲು ಕಮ್ಮಿ ಹತ್ತು.

ಅಪ್ಪ, ಸೆಲ್ ಹಾಕಿಸಿದ ಮೇಲೆ ಒಂದು ಮೆಸೇಜ್ ಮಾಡಿ, ಭಾನುವಾರ ಫೋನ್ ಇಟ್ಟುಕೊಂಡೇ ಮೊದಲ ಸಲ ಕನೆಕ್ಟ್ ಮಾಡೋಣ. ಬ್ಯಾಂಕಿನ ಕೆಲಸ ಮಾತ್ರ ಟಾರ್‌ನಲ್ಲಿ ಬೇಡ. ಬೇರೆ ದೇಶದಿಂದ ಯಾರೋ ಒಳಗೆ ಬಂದರು ಅಂತ ಅವರು ಖಾತೆಗೆ ಬೀಗ ಹಾಕಿದರೆ ಕುಯ್ಲಿನ ಕೂಲಿ ಬಟವಾಡೆಗೆ ನೀವು ಪರದಾಡಬೇಕಾಗುತ್ತದೆ.

ನಿಮ್ಮ ಮಗಳು