ಪೋಷಕರಿಗೆ ಪತ್ರ: ಈ ವರ್ಷದ ಭೂಗೋಳ ಪಾಠ ಮತ್ತು ಮಾರಿಕಣಿವೆ ಭೇಟಿ

ಪ್ರೀತಿಯ ಪೋಷಕರೇ, ನಮಸ್ಕಾರ.

ಹೋದ ತಿಂಗಳು ಒಂಬತ್ತನೇ ತರಗತಿಯ ಹುಡುಗನೊಬ್ಬನ ನೋಟ್‌ಬುಕ್ ನೋಡುತ್ತಿದ್ದೆ. ಭಾರತದ ನಕ್ಷೆ ಅಚ್ಚುಕಟ್ಟಾಗಿ ಬಿಡಿಸಿದ್ದ. ನರ್ಮದೆ, ಗೋದಾವರಿ, 82½ ಡಿಗ್ರಿ ಪೂರ್ವ ರೇಖಾಂಶ ಎಲ್ಲವೂ ಅವುಗಳ ಜಾಗದಲ್ಲೇ ಇದ್ದವು. ಖುಷಿಯಾಗಿ, "ನಿಮ್ಮ ಮನೆ ನಲ್ಲಿಗೆ ನೀರು ಎಲ್ಲಿಂದ ಬರುತ್ತಪ್ಪಾ?" ಎಂದು ಕೇಳಿದೆ. "ಟ್ಯಾಂಕಿಂದ ಸಾರ್" ಎಂದ. "ಟ್ಯಾಂಕಿಗೆ?" ಎಂದರೆ ಸುಮ್ಮನಾದ. ಹಿರಿಯೂರಿನ ಹುಡುಗನಿಗೆ ನಮ್ಮ ಮಾರಿಕಣಿವೆ ಅಣೆಕಟ್ಟೆಯ ಹೆಸರು ನೆನಪಾಗಲಿಲ್ಲ. ಇದು ಅವನ ತಪ್ಪಲ್ಲ, ನಾವು ಕಲಿಸಿದ ರೀತಿಯ ತಪ್ಪು. ಅದನ್ನು ತಿದ್ದಿಕೊಳ್ಳಲು ನಿಮ್ಮ ಸಹಾಯ ಬೇಕು.

ಪ್ರೌಢಶಾಲೆಯಲ್ಲಿ ಭೂಗೋಳ ಬೇರೆ ವಿಷಯವಲ್ಲ. ಸಮಾಜ ವಿಜ್ಞಾನದೊಳಗೆ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಇವೆಲ್ಲದರ ಜೊತೆ ಅದೂ ಒಂದು ಭಾಗ. ಪೀರಿಯಡ್ ಸಾಲುವುದಿಲ್ಲ. ಹಾಗಾಗಿ ಪರೀಕ್ಷೆಯ ನಕ್ಷೆ ಪ್ರಶ್ನೆಗೆ ಅಂಕ ಬಂದರೆ ಸಾಕು ಎನ್ನುವಲ್ಲಿಗೆ ನಿಂತುಬಿಡುತ್ತೇವೆ. ಅಂಕ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಯಿಪಾಠದ ನಕ್ಷೆ ಪರೀಕ್ಷೆ ಮುಗಿದ ವಾರಕ್ಕೇ ಮರೆತುಹೋಗುತ್ತದೆ ಅಲ್ವಾ?

ಆ 82½ ಡಿಗ್ರಿಯನ್ನೇ ನೋಡಿ. ನಮ್ಮ ದೇಶದ ಗಡಿಯಾರಗಳೆಲ್ಲ ಆ ಗೆರೆಯ ಸೂರ್ಯನ ಲೆಕ್ಕಕ್ಕೆ ನಡೆಯುತ್ತವೆ. ಹಿರಿಯೂರು ಅಲ್ಲಿಂದ ಹತ್ತಿರ ಹತ್ತಿರ 6 ಡಿಗ್ರಿ ಪಶ್ಚಿಮಕ್ಕಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಅದಕ್ಕೇ ನಮಗೆ ನಡುಮಧ್ಯಾಹ್ನ 12ಕ್ಕೆ ಆಗುವುದಿಲ್ಲ. ಆಗಸ್ಟ್ ತಿಂಗಳಲ್ಲಿ ಹನ್ನೆರಡೂವರೆ ಹತ್ತಿರವಾಗುತ್ತದೆ. ಇನ್ನೊಂದು ಸಂಗತಿ ಗೊತ್ತಾ? ಆಗಸ್ಟ್ 15ರ ಆಸುಪಾಸಿನಲ್ಲಿ ಸೂರ್ಯ ನಮ್ಮ ಊರಿನ ನೆಟ್ಟನೆತ್ತಿಯ ಮೇಲೆ ಹಾದುಹೋಗುತ್ತಾನೆ. ಮೋಡ ಇಲ್ಲದಿದ್ದರೆ ಧ್ವಜಸ್ತಂಭದ ನೆರಳು ಬುಡದಲ್ಲೇ ಅಡಗುತ್ತದೆ. ಈ ಸಲ ಧ್ವಜಾರೋಹಣ ಮುಗಿದ ಮೇಲೆ ಮಕ್ಕಳನ್ನು ಅಲ್ಲಿಯವರೆಗೆ ಉಳಿಸಿಕೊಳ್ಳುತ್ತೇವೆ. ನೀವೂ ಬಂದು ನೋಡಿ. ನಾನಂತೂ ಪ್ರತಿ ವರ್ಷ ಕಾಯುತ್ತೇನೆ.

ಇನ್ನು ಮಳೆ. ಮಕ್ಕಳು ಮನೆಯಂಗಳದಲ್ಲಿ ಒಂದು ನೇರ ಗೋಡೆಯ ಡಬ್ಬಿ ಇಡುತ್ತಾರೆ. ದಯವಿಟ್ಟು ಎತ್ತಿಡಬೇಡಿ. ಬೆಳಿಗ್ಗೆ ಅದರೊಳಗೆ ಸ್ಕೇಲ್ ಇಳಿಸಿ ನೋಡಿದರೆ ರಾತ್ರಿ ಎಷ್ಟು ಮಳೆಯಾಯಿತು ಗೊತ್ತಾಗುತ್ತದೆ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ನಿಮ್ಮ ಮಾಳಿಗೆ 60 ಚದರ ಮೀಟರ್ ಇದ್ದರೆ, 20 ಮಿಲಿಮೀಟರ್ ಮಳೆಗೆ 1,200 ಲೀಟರ್ ನೀರು ಬಿದ್ದಂತಾಯಿತು. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು. ಉತ್ತರೆ, ಹಸ್ತ, ಚಿತ್ತೆ ಮಳೆಗಳ ಬಗ್ಗೆ ಅವರಿಗೆ ಗೊತ್ತಿರುವುದು ನಮ್ಮ ಪಠ್ಯಪುಸ್ತಕದಲ್ಲಿಲ್ಲ. ಯಾವ ಮಳೆಗೆ ಯಾವ ಬೆಳೆ, ಯಾವ ಹೊಲದಲ್ಲಿ ಕಪ್ಪು ಮಣ್ಣು, ಎಲ್ಲಿ ಕೆಂಪು ಮಣ್ಣು ಎಂದು ಮಕ್ಕಳು ಕೇಳಿದರೆ ಸ್ವಲ್ಪ ಹೊತ್ತು ಕೂತು ಹೇಳಿ.

ಸೆಪ್ಟೆಂಬರ್‌ನ ಒಂದು ಶನಿವಾರ ಮಾರಿಕಣಿವೆಗೆ ಹೋಗುತ್ತೇವೆ. ಪುಸ್ತಕದ ಹೆಸರು ವಾಣಿವಿಲಾಸ ಸಾಗರ. ಎರಡು ಗುಡ್ಡಗಳ ನಡುವಿನ ಸಂದಿಗೆ ಅಡ್ಡಲಾಗಿ 1898ರಲ್ಲಿ ಕೆಲಸ ಶುರುಮಾಡಿ 1907ಕ್ಕೆ ಮುಗಿಸಿದರು. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ ಯಾಕೆ ತುಂಬಲಿಲ್ಲ? ಈ ಪ್ರಶ್ನೆಗೆ ಮಕ್ಕಳೇ ಉತ್ತರ ಹುಡುಕಬೇಕೆಂಬುದು ನನ್ನ ಆಸೆ. ಈ ಕಟ್ಟೆಗೆ ನೀರು ತರುವ ವೇದಾವತಿ ನದಿ ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ. ಅಲ್ಲಿಂದ ಕಡೂರು, ಹೊಸದುರ್ಗದ ಬಯಲಿಗೆ ಇಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೇಲೆ ಸುರಿಯುವ ಮಳೆ, ಘಟ್ಟದ ಈಚೆ ನಮ್ಮ ಕಡೆ 600ರ ಆಸುಪಾಸಿಗೆ ಇಳಿದುಬಿಡುತ್ತದೆ. ನದಿ ಬರುವ ದಾರಿಯಲ್ಲಿ ಕೆರೆಗಳೂ ಜಾಸ್ತಿ. ಅವು ತುಂಬಿ ಉಳಿದದ್ದು ನಮಗೆ. ಇಷ್ಟನ್ನು ಕಟ್ಟೆಯ ಮೇಲೆ ನಿಂತು, ಕೈಯಲ್ಲಿ ನಕ್ಷೆ ಹಿಡಿದು ಮಾತಾಡಿದರೆ 'ಮಳೆ ನೆರಳಿನ ಪ್ರದೇಶ' ಎಂಬ ಪದವನ್ನು ಉರು ಹೊಡೆಯಬೇಕಾಗಿಲ್ಲ.

ಒಂದು ವಿಷಯ ಬಿಚ್ಚಿ ಹೇಳುತ್ತೇನೆ. ಇಂಥ ಭೇಟಿಗೆ ಗಂಡುಮಕ್ಕಳ ಒಪ್ಪಿಗೆ ಪತ್ರ ಬೇಗ ಬರುತ್ತದೆ. ಹೆಣ್ಣುಮಕ್ಕಳದು ಮನೆಯಲ್ಲೇ ಉಳಿಯುತ್ತದೆ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನಮ್ಮ ಶಿಕ್ಷಕಿಯರು ಜೊತೆಗೇ ಇರುತ್ತಾರೆ. ಯಾರನ್ನೂ ನೀರಿನ ಹತ್ತಿರ ಇಳಿಸುವುದಿಲ್ಲ. ಕತ್ತಲಾಗುವ ಮುಂಚೆ ವಾಪಸ್ ಬರುತ್ತೇವೆ. ತಾಯಂದಿರು ಯಾರಾದರೂ ಬರುವುದಾದರೆ ಸಂತೋಷ. ದಯವಿಟ್ಟು ಕಳಿಸಿಕೊಡಿ.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಮುಂದಿನ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಆ ದಿನ ಟೋಪಿ, ನೀರಿನ ಬಾಟಲಿ, ಗೆರೆಯಿಲ್ಲದ ಒಂದು ನೋಟ್‌ಬುಕ್ ಇದ್ದರೆ ಸಾಕು. ಊಟ ಶಾಲೆಯಿಂದಲೇ ಕಟ್ಟಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕ